ಕೆಂಪು ತೇಪೆಯ ಕೋಟು

ಕಲ್ಯಾಣಪುರದ ಸಿಲ್ವೆಸ್ಟರ್ ಪೊರ್ಬುಗಳು ಒಂದು ಹಳೇ ಕೋಟಿನ ವಿಷಯದಲ್ಲಿ ಹೆಂಡತಿಗೆ ಸುಳ್ಳು ಹೇಳಿ ಹತ್ತು ತಿಂಗಳಾಗಿತ್ತು. ಸುಳ್ಳು ಹೇಳುವಾಗ ಸಣ್ಣದೇ ಇತ್ತು. ಆಮೇಲೆ ಅವರ ಕೈಮೀರಿ ಬೆಳೆಯಿತು.

ಪಾನನಿರೋಧ ಎತ್ತಿದ ಮರುವರ್ಷದ ಜನವರಿ. ಪೊರ್ಬುಗಳು ಕಾರ್ಕಳದ ಅತ್ತೂರು ಹಬ್ಬಕ್ಕೆಂದು ಹೊರಟವರು ಕಟಪಾಡಿಯಲ್ಲಿ ಬಸ್ಸು ಬದಲಿಸುವಾಗ ಕಳ್ಳಿನ ಗಡಂಗಿಗೆ ಹೊಕ್ಕರು. ಸಂಜೆಯವರೆಗೆ ಹೊರಗೆ ಬರಲಿಲ್ಲ. ಅಲ್ಲಿ ಕಾಪುವಿನ ಚಿತ್ರಕಾರ ಚಂದು ಮಾಸ್ಟ್ರು ಕೂತಿದ್ದರು. "ಹಾಗೇ ಕೂತಿರಿ ಪೊರ್ಬುಗಳೇ, ಬೆರಳು ಸಹ ಹಾಗೇ ಇರಲಿ" ಎಂದು ಮಧ್ಯಾಹ್ನವಿಡೀ ಅವರನ್ನು ಬರೆದರು. ಕೊನೆಗೆ ಚಿತ್ರ ಮುಗಿಸಲಿಕ್ಕೆ ಕೋಟು ಬೇಕೆಂದರು. ಎರಡು ಬಾಟ್ಲಿ ಕಳ್ಳಿಗೆ ಕೋಟು ಹೋಯಿತು.

"ಕೋಟು ಎಲ್ಲಿ?" ಎಂದು ಹೆಂಡತಿ ಬರ್ತಾ ಕೇಳಿದಾಗ ಪೊರ್ಬುಗಳಿಗೆ ಬಾಯಿಗೆ ಬಂದದ್ದು ಒಂದೇ. "ಅತ್ತೂರಿನಲ್ಲಿ ಒಬ್ಬ ಬಡವ ಚಳಿಗೆ ನಡುಗ್ತಾ ಇದ್ದ. ಕೊಟ್ಟುಬಿಟ್ಟೆ."

ಬರ್ತಾ ಕಣ್ಣೊರೆಸಿಕೊಂಡು ಪಕ್ಕದ ಮನೆಯ ವೆರೊನಿಕಾಳಿಗೆ ಹೇಳಿದಳು. ವೆರೊನಿಕಾಳಿಗೆ ಹೇಳಿದ ಮೇಲೆ ಊರಿಗೆ ಬೇರೆ ಹೇಳಬೇಕಾಗಿಲ್ಲ. ಆ ಭಾನುವಾರ ಫಾದರ್ ಚರ್ಚಿನ ಪ್ರಸಂಗದಲ್ಲೇ ಕೋಟಿನ ದಾನವನ್ನು ಹೊಗಳಿದರು. ಹತ್ತು ತಿಂಗಳ ಮೇಲೆ ಈಗ ಅವರ ವಾಳೆಯ, ಅಂದರೆ ಚರ್ಚಿಗೆ ಸೇರಿದ ಅವರ ಕೇರಿಯ, ಗುರ್ಕಾರ್ ಸ್ಥಾನ ಖಾಲಿಯಾಗಿತ್ತು. ವಾಳೆಯವರ ಮುಂದಾಳಾಗುವುದು ಪೊರ್ಬುಗಳ ಬಹಳ ದಿನದ ಆಸೆ. ಮುಂದಿನ ಭಾನುವಾರ ಫಾದರ್ ಅವರ ಹೆಸರನ್ನೇ ಕರೆಯುತ್ತಾರೆಂದು ಎಲ್ಲರೂ ಅನ್ನುತ್ತಿದ್ದರು. ವೆರೊನಿಕಾಳ ಗಂಡ ಕಜೆಟನ್ ಮಾತ್ರ ಏನೂ ಅನ್ನುತ್ತಿರಲಿಲ್ಲ. ಅವನಿಗೂ ಅದೇ ಆಸೆ.

ಅಷ್ಟರಲ್ಲಿ ಆ ಕಜೆಟನ್ನೇ ಸುದ್ದಿ ತಂದ. "ಮಣಿಪಾಲದ ಗುಡ್ಡೆಯಲ್ಲಿ ಚಂದು ಮಾಸ್ಟ್ರ ಚಿತ್ರ ಇಡ್ಲಿಕ್ಕೆಂದೇ ಒಂದು ಹಾಲ್ ಮಾಡಿದ್ದಾರಂತೆ. ಬೇರೆಯವರದ್ದು ಒಂದೂ ಇಲ್ಲ. ನಾವೆಲ್ಲ ಒಟ್ಟಿಗೆ ಹೋಗುವ."

ಪೊರ್ಬುಗಳು ತಕ್ಷಣ ಹೊಟ್ಟೆ ಹಿಡಿದುಕೊಂಡರು. ಬರ್ತಾ ಜೀರಿಗೆ ಕಷಾಯ ಕುಡಿಸಿ, ಹೊಸ ಕೋಟು ತೊಡಿಸಿ ಬಸ್ಸು ಹತ್ತಿಸಿದಳು. ಇದ್ದ ಕೋಟನ್ನು ದಾನ ಮಾಡಿದ ಗಂಡನಿಗೆಂದು ಅವಳು ಬೊಂಬಾಯಿಯ ತಮ್ಮನಿಂದ ತರಿಸಿದ ಉಣ್ಣೆಯ ಕೋಟು ಅದು.

ಹಾಲ್‌ನೊಳಗೆ ಕಾಲಿಟ್ಟದ್ದೇ ಪೊರ್ಬುಗಳು ಒಂದು ಗಳಿಗೆ ಹೆದರಿಕೆಯನ್ನೇ ಮರೆತರು. ಹೂಡೆಯ ಕಡಲನ್ನು ಚಂದು ಮಾಸ್ಟ್ರು ಬರೇ ಮೂರು ಗೀಟಿನಲ್ಲಿ ಬರೆದಿದ್ದರು. ಆದರೂ ಒದ್ದೆ ಬಲೆಯ ವಾಸನೆ ಬಂದಂತಾಯಿತು.

"ಇದೆಂತದು, ಮೀನಿಗೆ ಕಣ್ಣೇ ಇಲ್ಲ," ಎಂದಳು ವೆರೊನಿಕಾ, ಪಕ್ಕದ ಚಿತ್ರಕ್ಕೆ ಬೆರಳು ತೋರಿಸಿ.

"ಕಣ್ಣಿಲ್ಲದಿದ್ರೂ ನಮ್ಮನ್ನೇ ನೋಡ್ತದೆ, ಅಲ್ವಾ?" ಎಂದರು ಪೊರ್ಬುಗಳು. ಮನಸ್ಸಿನಿಂದಲೇ ಹೇಳಿದ ಮಾತು.

ಹೇಳಿ ತಿರುಗಿದರೆ ಎದುರಿಗೆ ತಾವೇ. ಮುಖವೆಂದರೆ ಒಂದು ನೀಲಿ ತ್ರಿಕೋನ, ಕಣ್ಣಿಲ್ಲ, ಬಾಯಿಲ್ಲ. ಕೈಯಲ್ಲಿ ಗ್ಲಾಸು. ಮುಖ ಯಾರದ್ದೂ ಆಗಬಹುದಿತ್ತು, ಆದರೆ ಕಪ್ಪು ಕೋಟಿನ ಮೊಣಕೈಯಲ್ಲಿ ಕೆಂಪು ತೇಪೆ ಎದ್ದು ಕಾಣುತ್ತಿತ್ತು. ಪೊರ್ಬುಗಳು ಚಿತ್ರಕ್ಕೆ ಬೆನ್ನು ಕೊಟ್ಟು, ಹೊಸ ಕೋಟಿನ ಎರಡೂ ಬದಿ ಅಗಲಿಸಿ, ಕಾವಿಗೆ ಕೂತ ಕೋಳಿಯ ಹಾಗೆ ನಿಂತುಬಿಟ್ಟರು.

"ಸ್ವಲ್ಪ ಸರಿಯಿರಿ ಮಾರಾಯ್ರೆ," ಎಂದ ಕಜೆಟನ್.

"ಇದು ಅಷ್ಟು ಒಳ್ಳೇದಿಲ್ಲ. ಆ ಗೋಡೆಯದ್ದು ನೋಡಿ."

"ಒಳ್ಳೇದಿಲ್ಲದ್ದನ್ನು ನೀವು ಆಗಿನಿಂದ ಕಾಯ್ತಾ ಇದ್ದೀರಲ್ಲ?" ಎಂದು ಕಜೆಟನ್ ಅವರ ತೋಳು ಹಿಡಿದು ಎಳೆದ.

ಬರ್ತಾ ಹತ್ತಿರ ಬಂದಳು. ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು.

"ಇದು ನನ್ನ ಹೊಲಿಗೆ," ಎಂದಳು. "ಕಪ್ಪು ಬಟ್ಟೆ ಸಿಗದೆ ನನ್ನ ಮದುವೆಯ ಸೀರೆಯ ತುಂಡು ಹಾಕಿದ್ದು. ನೋಡಿ, ಏಳನೇ ಹೊಲಿಗೆ ಓರೆ. ಅಲ್ಲಿ ನೂಲು ಕಡಿದಿತ್ತು. ಅದನ್ನು ಸಹ ಬಿಡಲಿಲ್ಲ ಈ ಮನುಷ್ಯ."

ಅವಳ ಕಣ್ಣು ತುಂಬಿತು. ಮದುವೆಯಾದಾಗಿನಿಂದ ಹರಿದದ್ದನ್ನು ಹೊಲಿಯುತ್ತ ಬಂದಿದ್ದಳು. ಅವಳ ಹೊಲಿಗೆಯನ್ನು ಒಬ್ಬರು ನಿಂತು ನೋಡಿದ್ದು ಇದೇ ಮೊದಲು.

"ಹಾಗಾದ್ರೆ ಕೋಟಿನ ಒಳಗಿರುವವ ಯಾರು ಬರ್ತಾ ಬಾಯಿ?" ಎಂದು ಕಜೆಟನ್ ಮೆಲ್ಲಗೆ ಕೇಳಿದ.

ಬರ್ತಾ ನೀಲಿ ತ್ರಿಕೋನವನ್ನು ನೋಡಿದಳು, ಗ್ಲಾಸು ಹಿಡಿದ ಕೈಯನ್ನು ನೋಡಿದಳು, ಗಂಡನನ್ನು ನೋಡಿದಳು.

"ಇನ್ಯಾರು? ಅತ್ತೂರಿನ ಆ ಬಡವ."

ವೆರೊನಿಕಾ ಶಿಲುಬೆಯ ಗುರುತು ಮಾಡಿಕೊಂಡಳು. ಕಜೆಟನ್ ತಲೆ ತಗ್ಗಿಸಿ, "ಗುರ್ಕಾರ್ ಆಗಬೇಕಾದ್ದು ನೀವೇ," ಎಂದ. ಪೊರ್ಬುಗಳಿಗೆ ಹೋದ ಜೀವ ಬಂತು.

ಹೊರಗೆ ಬಸ್‌ಸ್ಟಾಂಡಿನಲ್ಲಿ ಒಬ್ಬ ಮುದುಕ ಗುಡ್ಡೆಯ ಗಾಳಿಗೆ ಮುದುಡಿ ಕೂತಿದ್ದ. ಬರ್ತಾ ಎಲ್ಲರಿಗೂ ಕೇಳುವಂತೆ, "ನಮ್ಮವರಿಗೆ ಇಂಥವರನ್ನು ಕಂಡ್ರೆ ತಡೆಯುವುದಿಲ್ಲ," ಎನ್ನುತ್ತ ಗಂಡನ ಮೈಯಿಂದ ಹೊಸ ಕೋಟನ್ನು ಕಳಚಿ ಮುದುಕನಿಗೆ ಹೊದಿಸಿದಳು. ನೋಡಿದವರೆಲ್ಲ ಹೊಗಳಿದರು. ಪೊರ್ಬುಗಳೂ ನಗಬೇಕಾಯಿತು.

ಉಡುಪಿಯಲ್ಲಿ ಬಸ್ಸು ಬದಲಿಸುವ ಮೊದಲು ಹೊಟೇಲಿಗೆ ಹೋದರು. ಒಂದು ಮೇಜಿನಲ್ಲಿ ಗಂಡ ಹೆಂಡತಿ ಇಬ್ಬರೇ.

"ಭಾನುವಾರ ಫಾದರ್ ಹೆಸರು ಕರೆದ್ರೆ ಬೇಡ ಅನ್ನಿ," ಎಂದಳು ಬರ್ತಾ ತಗ್ಗಿದ ದನಿಯಲ್ಲಿ. "ಕಜೆಟನ್ ಆಗಲಿ."

"ಎಂತಕ್ಕೆ?"

"ಮುಖ ನೀಲಿ ಮಾಡಿದ್ರೆ ಎಂತಾಯ್ತು? ಗ್ಲಾಸು ಹಿಡಿಯುವಾಗ ಕಿರುಬೆರಳು ನೆಟ್ಟಗೆ ನಿಲ್ಲಿಸುವ ಆ ಬಡವನನ್ನು ನಾನು ಇಪ್ಪತ್ತು ವರ್ಷದಿಂದ ನೋಡ್ತಾ ಇದ್ದೇನೆ."

ಪೊರ್ಬುಗಳು ಚಹಾದ ಗ್ಲಾಸು ಹಿಡಿದ ತಮ್ಮ ಕೈಯನ್ನು ನೋಡಿಕೊಂಡರು. ನೆಟ್ಟಗೆ ನಿಂತಿದ್ದ ಕಿರುಬೆರಳನ್ನು ಮೆಲ್ಲಗೆ ಮಡಚಿದರು.