ಅಊಜು ಮತ್ತು ಒಂಬತ್ತರ ಬಸ್ಸು

ಮನುಷ್ಯಕುಲ ಗಂಭೀರವಾಗಿ ಯೋಚಿಸಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು: ಕುರಾನ್ ಓದುತ್ತ ಕುಳಿತವನು ನಡುವೆ ಆಡಿನ ವಿಷಯ ಮಾತಾಡಿಬಿಟ್ಟರೆ ಮುಂದೆ ಎಲ್ಲಿಂದ ಓದಬೇಕು? ಬಲ್ಲವರು ಇದನ್ನು ಎಂದೋ ತೀರ್ಮಾನಿಸಿ ಮುಗಿಸಿದ್ದಾರೆ. ಖಾನಾಪುರದ ಹುಸೇನಬಿ ಮಾತ್ರ ಒಂದು ಗುರುವಾರ ಬೆಳಿಗ್ಗೆ ಅದನ್ನು ಮತ್ತೆ ವಿಚಾರಣೆಗೆ ಎತ್ತಿಕೊಂಡಳು.

ವಿಚಾರಣೆಗೆ ಸಿಕ್ಕವನು ಅವಳ ಮಗ ದಸ್ತಗೀರ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಕೆಲಸ. ದಿನಾ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಬರುವವನು. ತಾಯಿಯ ಕಣ್ಣಿಗೆ ಪೊರೆ ಬಂದಾಗಿನಿಂದ ಬೆಳಿಗ್ಗೆ ಪಾಳಿಗೆ ಹೊರಡುವ ಮೊದಲು ಅವಳ ಮಂಚದ ಪಕ್ಕ ಕುಳಿತು ನಾಲ್ಕು ಸಾಲು ಓದುವುದು ಅವನ ರೂಢಿ. ಇವತ್ತು ಆ ಕಣ್ಣಿಗೆ ಬೆಳಗಾವಿಯದೇ ನೆಹರು ನಗರದ ಆಸ್ಪತ್ರೆಯಲ್ಲಿ ಆಪರೇಷನ್. ಬಹಳ ತಿರುಗಾಡಿ ಸಿಕ್ಕ ತಾರೀಖು. ಒಂಬತ್ತರ ಬಸ್ಸು ಹಿಡಿಯಲೇಬೇಕು. ಹೆಂಡತಿ ರಜಿಯಾ ಬುತ್ತಿ ಚೀಲ ಹಿಡಿದು ಮೊದಲೇ ಸ್ಟ್ಯಾಂಡಿಗೆ ಹೋಗಿ, ಮೂರು ಸೀಟಿನ ಮೇಲೆ ಒಬ್ಬಳೇ ಹರಡಿಕೊಂಡು ಕುಳಿತಿದ್ದಳು.

ಹುಸೇನಬಿ ಮಾತ್ರ ಮಂಚ ಬಿಟ್ಟು ಏಳಲಿಲ್ಲ.

"ಯಾಸೀನ್ ಓದು. ಪೂರಾ. ಮುಗಿದ ಮ್ಯಾಲೆ ಏಳತೀನಿ."

ತಾಯಿ-ಮಗ ಮಾತಾಡುವುದು ಅರ್ಧ ಉರ್ದು, ಅರ್ಧ ಕನ್ನಡ. ಹಟ ಹಿಡಿದಾಗ ಹುಸೇನಬಿಯದು ಪೂರ್ತಿ ಕನ್ನಡ. ಯಾಸೀನ್ ಕುರಾನಿನ ಒಂದು ಅಧ್ಯಾಯ, ಸಾವಿನ ಮನೆಯಲ್ಲೂ ಓದುವಂಥದು. ದಸ್ತಗೀರ ತಲೆಗೆ ಟೊಪ್ಪಿಗೆ ಏರಿಸಿ ಕುಳಿತ.

ಓಣಿಯ ಮಕ್ಕಳಿಗೆಲ್ಲ ಕುರಾನ್ ಓದಲು ಕಲಿಸಿದವಳು ಹುಸೇನಬಿಯೇ. ಮೊದಲು 'ಅಊಜು', ಅಂದರೆ ಸೈತಾನನಿಂದ ಕಾಪಾಡು ಎಂಬ ಪ್ರಾರ್ಥನೆ. ಆಮೇಲೆ 'ಬಿಸ್ಮಿಲ್ಲಾ', ಅಲ್ಲಾಹನ ಹೆಸರು. ತೌಬಾ ಎಂಬ ಒಂದು ಅಧ್ಯಾಯ ಬಿಟ್ಟು ಉಳಿದ ಎಲ್ಲ ಅಧ್ಯಾಯಗಳಿಗೂ ಇದೇ ಬಾಗಿಲು. ಓದುವಾಗ ಕೆಮ್ಮು ಬಂದರೆ ಮಾಫಿ. ಸಂತೆಯ ಮಾತು ಬಂದರೆ ಮಾತ್ರ ಮತ್ತೆ ಅಊಜು ಹೇಳಿ ಬಿಟ್ಟಲ್ಲಿಂದ ಮುಂದುವರಿಸಬೇಕು. ಈ ಕಾಯಿದೆಯನ್ನು ದಸ್ತಗೀರ ಬಾಲ್ಯದಲ್ಲಿ ಕಿವಿ ಹಿಂಡಿಸಿಕೊಂಡು ಕಲಿತಿದ್ದ. ಎಡಗಿವಿ ಇವತ್ತಿಗೂ ಸ್ವಲ್ಪ ಮುಂದಿದೆ.

ಅಊಜು ಆಯಿತು, ಬಿಸ್ಮಿಲ್ಲಾ ಆಯಿತು, ಯಾಸೀನ್ ಒಳ್ಳೆಯ ಓಟ ಹಿಡಿಯಿತು. ಅಷ್ಟರಲ್ಲಿ ಕಿಟಕಿಯಲ್ಲಿ ಪಕ್ಕದ ಮನೆಯ ಸಿದ್ದಕ್ಕನ ಮುಖ ಮೂಡಿತು.

"ದಸ್ತಗೀರಾ! ನಿಮ್ಮ ಆಡು ನಮ್ಮ ಮೆಣಸಿನಗಿಡ ಮೇಯಾಕಹತ್ತೇತಿ ನೋಡೋ!"

ದಸ್ತಗೀರ ಕಣ್ಣಲ್ಲೇ ಬೇಡಿಕೊಂಡ. ಸಿದ್ದಕ್ಕ ಕರಗಲಿಲ್ಲ. ಕೈ ಬೀಸಿದ. ಅವಳೂ ಬೀಸಿದಳು.

"ಬುಡಸಮೇತ ತಿನ್ನಾಕಹತ್ತೇತೋ!"

"ಯಾವ ಆಡು ಸಿದ್ದಕ್ಕ? ನಮ್ಮ ಆಡು ಬಕ್ರೀದಕ್ಕ ಹೋತಲ್ಲಬೇ!"

"ಹೌದೇನ? ಹಂಗಾರ ಬ್ಯಾರೆದವರದು ಇರಬೇಕ ಬಿಡು," ಎಂದು ಸಿದ್ದಕ್ಕ ಸಮಾಧಾನವಾಗಿ ಹೊರಟುಹೋದಳು. ಆಡು, ಕುರಿಗಳ ನಡುವೆಯೇ ಹುಟ್ಟಿ ಬೆಳೆದ ಹೆಂಗಸು. ಓಣಿಯ ಆಡುಗಳನ್ನು ಬೆನ್ನ ಕಡೆಯಿಂದ ನೋಡಿಯೇ ಗುರುತು ಹಿಡಿಯುತ್ತಿದ್ದಳು.

"ಆಡಿನ ಮಾತು ದುನಿಯಾದ ಮಾತು," ಎಂದಳು ಹುಸೇನಬಿ, ಕಣ್ಣು ಮುಚ್ಚಿಕೊಂಡೇ. "ಮೊದಲಿಂದ ಓದು."

"ಅಮ್ಮಾ, ಅಊಜು ಹೇಳಿ ಬಿಟ್ಟಲ್ಲಿಂದ ಓದಬೇಕಂತ ನೀನ ಕಲಿಸೀದಿ."

"ಕಲಿಸಿದ್ದು ಹಂಗ. ಇವತ್ತ ಕೇಳಾಕಿ ನಾನು. ಮೊದಲಿಂದ."

ದಸ್ತಗೀರ ಮೊದಲಿಂದ ಹಿಡಿದ. ಈ ಸಲ ಬಾಗಿಲಲ್ಲಿ ಪಂಢರಿನಾಥ ಕಾಕಾ ನಿಂತಿದ್ದ. ಅಂಚೆ ಇಲಾಖೆಯಿಂದ ನಿವೃತ್ತನಾದವನು. ಓಣಿಯ ಸುದ್ದಿ ಹಂಚುವುದರಿಂದ ಮಾತ್ರ ಇನ್ನೂ ನಿವೃತ್ತನಾಗಿರಲಿಲ್ಲ. ಹೆಗಲ ಮೇಲೆ ಬಿಳಿ ಪಂಚೆ, ಮುಖ ಮಳೆಯಲ್ಲಿ ನೆಂದ ಪಾರ್ಸಲ್ಲಿನಂತೆ.

"ಅರೇ ದೇವಾ! ಯಾಸೀನ್ ಕೇಳಿ ಓಡಿ ಬಂದ್ನಿ. ಹೋದ್ರೇನಪಾ ವೈನಿ? ಎಷ್ಟೊತ್ತಿಗೆ ಹೋದ್ರು?"

ದಸ್ತಗೀರ ಗ್ರಂಥದಿಂದ ಕಣ್ಣೆತ್ತದೆ ತಲೆ ಅಲ್ಲಾಡಿಸಿದ. ಪಂಢರಿನಾಥ ಅದನ್ನು ದುಃಖವೆಂದು ತಿಳಿದು ಅವನ ಬೆನ್ನು ಸವರತೊಡಗಿದ.

"ಧೈರ್ಯಾ ತಗೋ. ಖರೇ ಹೇಳತೀನಿ, ಪುಣ್ಯವಂತ ಜೀವ."

"ಯಾರೂ ಹೋಗಿಲ್ಲೋ ಕಾಕಾ!"

"ಇಲ್ಲೇ ಅದೀನಿ, ಕುಂದರು," ಎಂದಳು ಪುಣ್ಯವಂತ ಜೀವ ಮಂಚದ ಮೇಲಿಂದ. "ದಸ್ತ್ಯಾ, ಮಾತಾಡಿದಿ. ಮೊದಲಿಂದ."

ಪಂಢರಿನಾಥ ಕುಳಿತ. ಸಿದ್ದಕ್ಕನೂ ಬಂದು ಹೊಸ್ತಿಲ ಮೇಲೆ ಕುಳಿತಳು. ಇಬ್ಬರೂ ಈಗ ಕಾಯಿದೆ ಬಲ್ಲವರಾಗಿ, ಕಬಡ್ಡಿ ಪಂಚರಂತೆ ದಸ್ತಗೀರನ ಬಾಯಿಯನ್ನೇ ನೋಡತೊಡಗಿದರು. ಅವನು ಹಲ್ಲು ಕಚ್ಚಿ ಓದಿದ. ನೊಣ ಕೂತರೂ ಓದಿದ. ಜೇಬಿನಲ್ಲಿ ರಜಿಯಾಳ ಫೋನು ಕಪ್ಪೆಯಂತೆ ಒದ್ದಾಡಿದರೂ ಓದಿದ. ಅರ್ಧ ದಾಟಿತು. ಮುಕ್ಕಾಲಾಯಿತು. ಆಗ ಒಂದು ಸೀನು ಬಂತು.

"ಹೋತು, ಮೊದಲಿಂದ!" ಎಂದ ಪಂಢರಿನಾಥ.

"ಸೀನು ಮಾತೇನೋ ಮಾರಾಯಾ?" ಎಂದಳು ಸಿದ್ದಕ್ಕ.

"ಬಾಯಿಂದ ಬಂತಿಲ್ಲೊ?"

"ಮೂಗಿಂದ ಬಂತು!"

ತೀರ್ಪಿಗಾಗಿ ಎಲ್ಲರೂ ಮಂಚದ ಕಡೆ ತಿರುಗಿದರು. ಹುಸೇನಬಿ ಹಟಕ್ಕಾಗಿ ಕಾಯಿದೆಯನ್ನು ಅಷ್ಟಿಷ್ಟು ಎಳೆದಿದ್ದಳು ನಿಜ. ಸೀನನ್ನು ಮಾತೆನ್ನುವಷ್ಟು ತಿರುಚುವ ಹೆಂಗಸಲ್ಲ.

"ಸೀನು ಮಾಫಿ," ಎಂದಳು, ಮನಸ್ಸಿಲ್ಲದ ಮನಸ್ಸಿನಿಂದ.

"ಖರೇನ ಅಮ್ಮಾ?" ಎಂದ ದಸ್ತಗೀರ ಹಿಗ್ಗಿನಿಂದ.

ಸಿದ್ದಕ್ಕ ಹಣೆ ಬಡಿದುಕೊಂಡಳು.

"ಮಾತಾಡಿದಿ," ಎಂದಳು ಹುಸೇನಬಿ. ಅವಳ ಮುಖ ಅರಳಿತ್ತು.

ಕೊನೆಗೂ ಯಾಸೀನ್ ಮುಗಿದಾಗ ಬಿಸಿಲು ಅಂಗಳದ ತುಂಬ ಬಂದಿತ್ತು. ದಸ್ತಗೀರ ಗ್ರಂಥಕ್ಕೆ ಮುತ್ತಿಟ್ಟು ಮೇಲಿಟ್ಟು ಫೋನು ತೆಗೆದ. ಡ್ರೈವರ್ ರಜಿಯಾಳ ಯಾವ ಮಾತಿಗೂ ಬಗ್ಗಿರಲಿಲ್ಲ. ಅವಳು ಮೂರು ಸೀಟು ಹಿಡಿದುಕೊಂಡೇ ಬೆಳಗಾವಿ ಮುಟ್ಟಿದ್ದಳು. ಆಸ್ಪತ್ರೆಯಲ್ಲಿ ಹೊತ್ತು ಮೀರಿತೆಂದು ಮುಂದಿನ ಗುರುವಾರ ಬರಲು ಹೇಳಿದ್ದರು. ಬುತ್ತಿಯನ್ನು ಅವಳು ಅಲ್ಲಿಯ ಬೆಂಚಿನ ಮೇಲೆ ಒಬ್ಬಳೇ ತಿನ್ನುತ್ತಿದ್ದಳು.

ಅವನು ಫೋನು ಕೆಳಗಿಡುವಷ್ಟರಲ್ಲಿ ಸಿದ್ದಕ್ಕ ಮಂಚದತ್ತ ಬಗ್ಗಿ, ತನಗೆ ಪಿಸುಮಾತೆನಿಸಿದ ದನಿಯಲ್ಲಿ ಕೇಳಿದಳು: "ಬಸ್ ಹೋತಕ್ಕ. ಇಷ್ಟ ಸಾಕೋ, ಫಕೀರವ್ವನ್ನೂ ಕಳಸಲೋ? ಪಾಪ, ಆಗಿಂದ ಹಿತ್ತಲದಾಗ ಕಾಯಾಕಹತ್ತಾಳ."

ದಸ್ತಗೀರ ಸಿದ್ದಕ್ಕನನ್ನು ನೋಡಿದ. ಪಂಢರಿನಾಥ ತನ್ನ ಪಂಚೆಯನ್ನು ನೋಡಿಕೊಂಡ.

"ಅಮ್ಮಾ! ಇವರನ್ನ ನೀನ ಕಳಿಸಿದ್ಯೇನ? ಆಪರೇಷನ್‌ಗೆ ಇಷ್ಟ ಅಂಜತಿ?"

"ಆಪರೇಷನ್‌ಗೆ ಯಾರ ಅಂಜತಾರ," ಎಂದಳು ಹುಸೇನಬಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ. "ಕಣ್ಣ ಬಂದ್ರ ನಾನ ಓದಕೋತೀನಿ. ಆಮ್ಯಾಲೆ ನೀ ಯಾಕ ನನ್ನ ಬಾಜೂಕ ಕುಂದರತಿ? ಹಾಂಗ ಎದ್ದು ಬಸ್ಸಿಗೆ ಓಡತಿ."

ಫೌಂಡ್ರಿಯಲ್ಲಿ ಕಾದ ಕಬ್ಬಿಣ ಕರಗುವುದನ್ನು ದಿನಾ ನೋಡುವ ದಸ್ತಗೀರನಿಗೆ ತನ್ನೊಳಗೂ ಏನೋ ಹಾಗೆಯೇ ಆದಂತೆನಿಸಿತು. ಮಂಚದ ಅಂಚಿಗೆ ಕುಳಿತು ತಾಯಿಯ ಕೈ ಹಿಡಿದ.

"ಕಣ್ಣ ಬಂದ ಮ್ಯಾಲೂ ನಾನ ಓದತೀನಿ. ನೀ ತಪ್ಪ ಹಿಡಿ. ಮಾತ ಕೊಡತೀನಿ."

"ದಿನಾ?"

"ದಿನಾ."

ಸಿದ್ದಕ್ಕ ಮೂಗು ಒರೆಸಿಕೊಂಡಳು. ಪಂಢರಿನಾಥನ ಬಿಳಿ ಪಂಚೆಗೆ ಕೊನೆಗೂ ಒಂದು ಕೆಲಸ ಸಿಕ್ಕಿತು.

"ಹಂಗಾರ ಮುಂದಿನ ಗುರುವಾರ ಹೋಗೂಣು," ಎಂದಳು ಹುಸೇನಬಿ, ಎದ್ದು ಕುಳಿತು. "ಯಾರನ್ನೂ ಕಳಸಂಗಿಲ್ಲ. ನಡುವ ನೀ ಮಾತಾಡಿದ್ರೂ ಬಿಟ್ಟಲ್ಲಿಂದನ ಓದು, ಕಾಯಿದೇ ಪ್ರಕಾರ. ಹೊರಡೂ ಮುಂದ ಬಕರಾ ಅಷ್ಟ ಓದಿಬಿಡು, ಸಾಕು."

"ಆತಮ್ಮಾ," ಎಂದುಬಿಟ್ಟ ದಸ್ತಗೀರ, ಕಣ್ಣು ತುಂಬಿದ್ದ ಹೊತ್ತಿನಲ್ಲಿ.

ಬಕರಾ ಕುರಾನಿನ ಎಲ್ಲಕ್ಕಿಂತ ಉದ್ದದ ಅಧ್ಯಾಯ. ಮುಂದಿನ ಗುರುವಾರದ ಬಸ್ಸೂ ತಪ್ಪಿತು.