ಫ್ಲಾಪಿ ಬಾಯಿಗೆ ಅರಗಿನ ಮುದ್ರೆ

ಎಂಬತ್ತರ ದಶಕದ ಕೊನೆಯಲ್ಲಿ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ನಮ್ಮ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದನ್ನು ಕಾಯಲು ನನಗಿಂತ ತಕ್ಕವನು ಇಡೀ ಬೆಂಗಳೂರಿನಲ್ಲೇ ಇಲ್ಲ ಎಂದು ನನಗನ್ನಿಸಿತು. ಸ್ಟೋರ್ಸಿನಲ್ಲಿದ್ದಷ್ಟು ಕಾಲವೂ ನಾನು ಒಂದು ಬೋಲ್ಟನ್ನೂ ಕಳೆದವನಲ್ಲ. ಮಾಲೀಕರಿಗೂ ಹಾಗೇ ಅನ್ನಿಸಿದ್ದು ಅವರ ದುರದೃಷ್ಟ.

"ನೋಡಿ, ಗೇರ್ ಕೊರೆಯೋ ಮೆಷಿನ್ ಇದರ ಮಾತು ಕೇಳುತ್ತೆ. ದಿನಾ ಬೆಳಿಗ್ಗೆ ಇದು ನಮ್ಮ ಪ್ರೋಗ್ರಾಂ ಇರೋ ಫ್ಲಾಪಿ ಓದಿದ ಮೇಲೇ ಕೆಲಸ ಶುರು," ಎಂದರು ಮಾಲೀಕರು. "ಬೇರೆ ಫ್ಲಾಪಿ ಹಾಕಿದ್ರೆ ವೈರಸ್ ಅನ್ನೋ ರೋಗ ಬರುತ್ತಂತೆ. ಹೊರಗಿಂದು ಒಳಗೆ ಹೋದ್ರೆ, ನೀವು ಹೊರಗೆ ಹೋಗಬೇಕಾಗುತ್ತೆ."

ಅಂದಿನಿಂದ ನನಗೆ ಊಟ ರುಚಿಸಲಿಲ್ಲ. ಆಪರೇಟರುಗಳು ಜೇಬಿಗೆ ಕೈ ಹಾಕಿದರೆ ಸಾಕು, ಹತ್ತಿರ ಓಡಿ ಇಣುಕುತ್ತಿದ್ದೆ. ಬೀಡಿ ಕಟ್ಟು ತೆಗೆದರೂ ಫ್ಲಾಪಿಯಂತೆಯೇ ಕಾಣುತ್ತಿತ್ತು. ಈ ಕೆಲಸ ಹೋದರೆ ಬಾಡಿಗೆಗೆ ಮನೆ ಕೊಟ್ಟವರಿಗೆ ಮುಖ ತೋರಿಸುವುದು ಹೇಗೆ? ಕೊನೆಗೊಂದು ಸಂಜೆ, ಎಲ್ಲರೂ ಹೋದ ಮೇಲೆ, ಬೀಗಕ್ಕೆ ಅರಗಿನ ಮುದ್ರೆ ಒತ್ತುವ ಸ್ಟೋರ್ಸಿನ ಪದ್ಧತಿಯನ್ನೇ ಜಾರಿಗೆ ತಂದೆ. ನಮ್ಮ ಫ್ಲಾಪಿಯನ್ನು ಜೇಬಿಗಿಳಿಸಿ, ಅದನ್ನು ತೂರಿಸುವ ಸೀಳಿನ ಉದ್ದಕ್ಕೂ ಅರಗು ಕರಗಿಸಿ ಸುರಿದು, ಹಿತ್ತಾಳೆ ಮುದ್ರೆ ಒತ್ತಿದೆ.

ವಿಜಯನಗರದ ಮನೆಗೆ ಬಂದು ಹೆಂಡತಿ ಶಾರದಾಗೆ ಹೆಮ್ಮೆಯಿಂದ ವರದಿ ಒಪ್ಪಿಸಿದೆ. ಅವಳು ಸಾರಿನ ಸೌಟು ಹಿಡಿದು ಹಾಗೇ ನಿಂತಳು.

"ನೆಗಡಿ ಬರಬಾರ್ದು ಅಂತ ಯಾರಾದ್ರೂ ಮೂಗಿಗೆ ಅರಗು ಹಾಕ್ತಾರೇನ್ರೀ?"

"ಬೆಳಿಗ್ಗೆ ಒಡೆದು ನಮ್ಮ ಫ್ಲಾಪಿ ಹಾಕ್ತೀನಿ ಕಣೇ. ಸಂಜೆ ಮತ್ತೆ ಮುದ್ರೆ."

"ಚೂರು ಒಳಗೆ ಬಿದ್ರೆ?"

ಯಂತ್ರದ ವಿಷಯ ನಿನಗೆ ತಿಳಿಯದು ಎಂದು ಗಂಭೀರವಾಗಿ ನುಡಿದು ಮಲಗಿದೆ. ನಿದ್ದೆ ಮಾತ್ರ ಬರಲಿಲ್ಲ.

ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಓಡಿದೆ. ಉಳಿಯಿಂದ ಮೆಲ್ಲಗೆ ತಟ್ಟಿದೆ. ಅರಗು ಒಡೆಯಿತು. ಅರ್ಧ ನೆಲಕ್ಕೆ ಬಿತ್ತು, ಅರ್ಧ ಒಳಕ್ಕೆ! ಫ್ಲಾಪಿ ತೂರಿಸಿದರೆ ಹೋಗದು. ಕರಗಿಸಿದರೆ ಹೊರಗೆ ಹರಿದು ಬಂದೀತೆಂದು, ಚಾಕು ಕಾಯಿಸಿ ಒಳಗಿಟ್ಟೆ. ಅರಗು ಕರಗಿತು. ಹರಿದದ್ದು ಮಾತ್ರ ಇನ್ನೂ ಒಳಕ್ಕೆ. ಅಷ್ಟರಲ್ಲಿ ಮಾಲೀಕರ ಸ್ಕೂಟರ್ ಸದ್ದು ಕೇಳಿಸಿತು. ಗಾಬರಿಯಲ್ಲಿ ಫ್ಲಾಪಿಯನ್ನು ಬಲವಾಗಿ ನೂಕಿದೆ. ಅರ್ಧ ಹೋಗಿ ನಿಂತಿತು. ಅರಗು ಗಟ್ಟಿಯಾಯಿತು. ಎಳೆದರೂ ಬರಲಿಲ್ಲ.

"ಮೆಷಿನ್ ಯಾಕ್ರೀ ನಿಂತಿದೆ? ಹೊರಗಿಂದು ಏನಾದ್ರೂ ಒಳಗೆ ಹೋಯ್ತಾ?"

"ಇಲ್ಲ ಸಾರ್," ಎಂದೆ. "ನಮ್ಮದೂ ಹೋಗ್ತಿಲ್ಲ."

ಮದ್ರಾಸಿನಿಂದ ಮೆಕ್ಯಾನಿಕ್ ಬಂದು ಆ ಭಾಗವನ್ನೇ ಬದಲಿಸುವ ತನಕ ಮೆಷಿನ್ ಮಲಗಿತ್ತು. ಅಲ್ಲಿಯವರೆಗೆ ವೈರಸ್ ಮಾತ್ರ ಹತ್ತಿರ ಸುಳಿಯಲಿಲ್ಲ ಎಂದು ಮಾಲೀಕರಿಗೆ ವಿನಯದಿಂದ ನೆನಪಿಸಿದೆ. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಕಂಪ್ಯೂಟರ್ ಕೋಣೆಯ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದರು. ಒಳಗೆ ಬಿಡಬಾರದ ವಸ್ತುಗಳು: ಹೊರಗಿನ ಫ್ಲಾಪಿ, ಬೆಂಕಿಪೊಟ್ಟಣ, ಅರಗು. ನಾಲ್ಕನೆಯದು ನನ್ನ ಹೆಸರು.