ಪೀಕಿಂಗಿನ ಕಾರ್ಡು ಘಾಟ್ ಹತ್ತಿದ್ದು

ಈ ಕಾರ್ಡಿನ ವಿಷಯವನ್ನೆಲ್ಲ ನನಗೆ ಮೊದಲು ಹೇಳಿದವರು ಕುಮುದಕ್ಕ. ಪುಣೆಯ ವಿಮಾನ ನಗರದ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರು, ಧಾರವಾಡದವರು. ನಿವೃತ್ತರಾಗುವ ದಿನ ಡ್ರಾಯರ್ ಖಾಲಿ ಮಾಡುತ್ತ ಹಳದಿಗಟ್ಟಿದ ಒಂದು ಕಾರ್ಡನ್ನು ನನ್ನ ಕೈಗಿಟ್ಟರು. "ತಗೋ, ಚೀನಾದ್ದು. ಚಕ್ರವರ್ತಿ ಕಾಲದ್ದು. ಅಂಚೆಚೀಟಿ ಕಾರ್ಡಿನ ಮ್ಯಾಲೇ ಅಚ್ಚಾಗಿ ಬಂದದ ನೋಡು, ಡ್ರ್ಯಾಗನ್ನು. ಆದ್ರ ಆ ಚೀಟಿ ಅವರ ದೇಶದಾಗಷ್ಟೇ ನಡೀತಿತ್ತು. ಹೊರಗ ಕಳಸಬೇಕಂದ್ರ ಬಾಜೂಕ ಇನ್ನೊಂದು ದೇಶದ ಚೀಟಿ ಹಚ್ಚಬೇಕಿತ್ತು" ಅಂದರು. ಆಮೇಲೆ ದನಿ ತಗ್ಗಿಸಿ, "ಒಂದು ಮಾತು. ಇವನ್ನ ಕೂಡಿಸೋರ ಮನ್ಯಾಗ ವಿಚಿತ್ರ ನಡಿಯೂದು ನಿಲ್ಲೂದಿಲ್ಲ. ನನ್ನ ಪಾಲಿಂದು ಮುಗೀತು" ಅಂದು ನಕ್ಕರು. ಕೊಡುವವರು ಅಷ್ಟು ಹಗುರಾಗಿ ನಕ್ಕಾಗಲೇ ನಾನು ಅನುಮಾನಪಡಬೇಕಿತ್ತು.

ಒಂದು ಕಾರ್ಡು ಹೋಗಿ ಡಬ್ಬಿ ತುಂಬಿತು. ನನಗೆ ಹುಚ್ಚು ಹಿಡಿದದ್ದು ಡ್ರ್ಯಾಗನ್ನಿನದಲ್ಲ, ದಾರಿಯದು. ಪೀಕಿಂಗಿನಲ್ಲಿ ಅಂಚೆ ಡಬ್ಬಿಗೆ ಬಿದ್ದ ಕಾರ್ಡು ತಿಯೆಂಟ್ಸಿನ್, ಶಾಂಘೈ, ಹಾಂಗ್‌ಕಾಂಗ್, ಸಿಂಗಾಪುರ, ಕೊಲಂಬೊ ಅಂತ ಹಡಗು ಬದಲಿಸುತ್ತ, ಊರೂರಿನ ಅಂಚೆಮುದ್ರೆಯ ಠಸ್ಸೆ ಬಡಿಸಿಕೊಳ್ಳುತ್ತ ಮುಂಬಯಿಗೆ ಬರುತ್ತಿತ್ತು. ಆ ದಾರಿಯ ಪ್ರತಿ ಊರಿಗೂ ಒಂದೊಂದು ಕಾರ್ಡು ಹುಡುಕಿ ಫ್ರೇಮಿನಲ್ಲಿ ಜೋಡಿಸಿ, 'ಪೀಕಿಂಗಿನಿಂದ ಪುಣೆಗೆ' ಅಂತ ಹೆಸರಿಟ್ಟು, ಇಲ್ಲಿಯ ಅಂಚೆಚೀಟಿ ಪ್ರದರ್ಶನಕ್ಕೆ ಒಯ್ದೆ. ತೀರ್ಪುಗಾರರು ಭೂತಗನ್ನಡಿ ಹಿಡಿದು ಒಂದೊಂದೇ ಕಾರ್ಡು ನೋಡುತ್ತ ಕೊನೆಗೆ ಬಂದು ನಿಂತರು. "ಮೇಡಂ, ನಿಮ್ಮ ಟಪಾಲು ಮುಂಬಯಿತನಕ ಚೆನ್ನಾಗಿ ಬಂದಿದೆ. ಆದರೆ ಪುಣೆಯ ಘಾಟ್ ಹತ್ತಲೇ ಇಲ್ಲವಲ್ಲ?"

ನಿಜ. ಪುಣೆಗೆ ಬಂದು ಮುಟ್ಟಿದ ಕಾರ್ಡು ನನ್ನ ಹತ್ತಿರ ಇರಲಿಲ್ಲ. ಫ್ರೇಮು ವಾಪಸ್ ಬಂತು. ಅಂದಿನಿಂದ ನನಗೆ ಬೇಕಿದ್ದದ್ದು ಒಂದೇ. ಘಾಟ್ ಹತ್ತಿದ ಒಂದು ಕಾರ್ಡು ಸಿಗಬೇಕು, ನನ್ನ ಫ್ರೇಮು ಆ ಸಭಾಂಗಣದಲ್ಲಿ ನಿಲ್ಲಬೇಕು.

ಬಸ್ಸಿನ ಟಿಕೀಟು

ನಮ್ಮ ಅತ್ತೆಯವರಿಗೆ ಈ ದಾರಿಯನ್ನು ತಿಳಿಸಿ ಹೇಳುವುದು ನನ್ನ ಕರ್ತವ್ಯ ಅನಿಸಿತು. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಪೀಕಿಂಗು, ಉಪ್ಪಿನಕಾಯಿ ಶಾಂಘೈ, ಶೇಂಗಾ ಚಟ್ನಿಪುಡಿ ಹಾಂಗ್‌ಕಾಂಗು ಅಂತ ಇಟ್ಟೆ. ಅವರು ಗಂಭೀರವಾಗಿ ನೋಡಿದರು.

"ಸೀದಾ ಯಾಕ ಬರಲಿಲ್ಲ ಅದು?"

"ಸೀದಾ ಹಡಗಿಲ್ಲರೀ ಅತ್ತಿ. ಹಾಂಗ್‌ಕಾಂಗಿನಾಗ ಇಳದು ಬ್ಯಾರೆ ಹಡಗು ಹಿಡೀಬೇಕು."

"ಅಂದ್ರ ನಮ್ಮ ನಿಗಡಿಯಿಂದ ಬೆಳಗಾವಿಗೆ ಹೋಗೂ ಮುಂದ ನಾವು ಸ್ವಾರಗೇಟಿನ್ಯಾಗ ಇಳದು, ಕೊಲ್ಲಾಪುರದಾಗ ಮತ್ತ ಇಳದು ನಿಪ್ಪಾಣಿ ಗಾಡಿ ಹಿಡೀತೀವಲ್ಲ, ಹಂಗ?"

"ಹಂಗೇ ರೀ."

"ಮತ್ತ ಈ ಠಸ್ಸೆ?"

"ಅಲ್ಲಿ ಬಂದು ಮುಟ್ಟಿತು ಅನ್ನೂದಕ್ಕ ಗುರುತು."

"ಕಂಡಕ್ಟರ್ ತೂತು ಹೊಡದಂಗ." ಅವರಿಗೆ ಪೂರ್ತಿ ತಿಳಿಯಿತು. ನನ್ನ ಗಂಡನಿಗೆ ಮದುವೆಯಾಗಿ ಇಷ್ಟು ವರ್ಷವಾದರೂ ತಿಳಿಯದ್ದು ಅತ್ತೆಗೆ ಒಂದು ಊಟದಲ್ಲಿ ತಿಳಿಯಿತಲ್ಲ ಅಂತ ನನಗೆ ಹೆಮ್ಮೆ. ಮರುದಿನ ಲಿಫ್ಟಿನಲ್ಲಿ ಮೇಲಿನ ಮನೆಯವರು ನನ್ನನ್ನು ತುಂಬ ಕರುಣೆಯಿಂದ ನೋಡಿದರು. ಅತ್ತೆ ಅವರಿಗೆ ಹೇಳಿದ್ದರಂತೆ: "ನಮ್ಮ ಸೊಸಿ ಡಬಲ್ ಗ್ರಾಜುಯೇಟು. ಹಳೇ ಬಸ್ಸಿನ ಟಿಕೀಟು ಕೂಡಿಸ್ತಾಳ."

ಮರಳಿನ ಬಕೀಟು

ಈ ನಡುವೆ ಲಂಡನ್ನಿನ ವ್ಯಾಪಾರಿಯೊಬ್ಬರಿಂದ ಶಾಂಘೈ ಠಸ್ಸೆ ಇನ್ನೂ ಸ್ಪಷ್ಟವಿದ್ದ ಕಾರ್ಡೊಂದನ್ನು ತರಿಸಿದ್ದೆ. ಸಂಜೆ ಆಫೀಸಿನಿಂದ ಬಂದರೆ ನಮ್ಮ ಅಪಾರ್ಟ್‌ಮೆಂಟ್ ಸೊಸಾಯಿಟಿಯ ಗೇಟಿನಲ್ಲಿ ಜನ. ನಡುವೆ ಬೆಂಕಿ ಆರಿಸುವ ಮರಳಿನ ಬಕೀಟು. ಬಕೀಟಿನ ಮರಳಿನ ಮೇಲೆ ನನ್ನ ಲಕೋಟೆ. ಸುತ್ತಲೂ ಪ್ಲಾಸ್ಟಿಕ್ ಕುರ್ಚಿಗಳ ಕೋಟೆ.

ಲಕೋಟೆಯ ಮೇಲಿನ ಕಸ್ಟಮ್ಸ್ ಚೀಟಿಯಲ್ಲಿ 'ಚೀನಾ' ಅಂತ ಓದಿದ ವಾಚ್‌ಮನ್ ಚೇರ್ಮನ್ನರಿಗೆ ಫೋನ್ ಮಾಡಿದ್ದ. ಚೇರ್ಮನ್ನರು ನಿವೃತ್ತ ಫ್ಯಾಕ್ಟರಿ ಮ್ಯಾನೇಜರು. ಸುರಕ್ಷತೆ ಅಂದರೆ ಅವರಿಗೆ ಪ್ರಾಣ.

"ಏನಿದೆ ಇದರಲ್ಲಿ?" ಮರಾಠಿಯಲ್ಲಿ, ಕುರ್ಚಿಗಳ ಆಚೆ ನಿಂತೇ ಕೇಳಿದರು.

"ಒಂದು ಕಾರ್ಡು."

"ಮೆಮರಿ ಕಾರ್ಡೋ, ಸಿಮ್ ಕಾರ್ಡೋ?"

"ಬರೆಯೋ ಕಾರ್ಡು. ಇದನ್ನ ಅಚ್ಚು ಹಾಕಿಸಿದ ಸರ್ಕಾರವೇ ಈಗಿಲ್ಲ."

"ಅಂದರೆ ಎಕ್ಸ್‌ಪೈರಿ ಆದ ಮಾಲು!"

ನಾನೇ ಕುರ್ಚಿ ಸರಿಸಿ, ಲಕೋಟೆ ಒಡೆದು, ಕಾರ್ಡು ತೆಗೆದು ತೋರಿಸಿದೆ. ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದು, ಆಮೇಲೆ ಎರಡು ಹೆಜ್ಜೆ ಮುಂದೆ ಬಂದರು. ಚೇರ್ಮನ್ನರು ಕನ್ನಡಕ ಏರಿಸಿ ಡ್ರ್ಯಾಗನ್ ನೋಡಿದರು, ಠಸ್ಸೆ ನೋಡಿದರು, ಹಿಂದೆ ತಿರುಗಿಸಲು ಹೇಳಿ ಖಾಲಿ ಬೆನ್ನು ನೋಡಿದರು. ಕಮಿಟಿಯ ಉಳಿದ ಸದಸ್ಯರ ಮುಖ ನೋಡಿದರು. ಕೊನೆಗೆ ಔದಾರ್ಯದಿಂದ ಅಂದರು: "ಈ ಸಲ ಬಿಡುತ್ತೇವೆ, ಮೇಡಂ. ಮುಂದಿನ ಸಲ ಜಪಾನಿನದು ತರಿಸಿ. ಬಾಳಿಕೆ ಬರುತ್ತದೆ."

ಪೋಹೆ

ಒಂದು ದಿನ ಫೋನ್ ಬಂತು. ಸದಾಶಿವ ಪೇಠದ ಒಬ್ಬ ಅಜ್ಜ. ಪ್ರದರ್ಶನದಲ್ಲಿ ನನ್ನ ಟಪಾಲು ಘಾಟ್ ಹತ್ತದ ಸುದ್ದಿ ಅವರ ಕಿವಿಗೂ ಬಿದ್ದಿತ್ತು. "ನನ್ನ ಹತ್ತಿರ ಒಂದು ಇದೆ. ಪೀಕಿಂಗಿನಿಂದ ಪುಣೆ ಕ್ಯಾಂಪಿಗೆ ಬಂದದ್ದು. ಮಾರುವುದಿಲ್ಲ. ಒಳ್ಳೆಯ ಮನೆ ಸಿಕ್ಕರೆ ಕೊಡುತ್ತೇನೆ" ಅಂದರು.

ನಾನು ಆಗಲೇ ಮನೆಯ ವಿಳಾಸ ಹೇಳತೊಡಗಿದೆ.

"ಭಾನುವಾರ ನಾನೂ ಮನೆಯವಳೂ ಬಂದು ನೋಡುತ್ತೇವೆ."

ಏನು ನೋಡುತ್ತಾರೆ ಅಂತ ನನಗೆ ಹೊಳೆಯಲಿಲ್ಲ. ಅತ್ತೆಗೆ ಹೊಳೆಯಿತು. ಬೆಳಿಗ್ಗೆಯೇ ಎದ್ದು ಪರದೆ ಬದಲಿಸಿ, ಸಂಬಂಧ ನೋಡಲು ಬರುವವರಿಗೆ ಈ ಊರಿನಲ್ಲಿ ಮಾಡುವಂತೆ ಅವಲಕ್ಕಿಯ ಪೋಹೆ ಮಾಡಿ ಮೇಲೆ ಕೊಬ್ಬರಿ ಉದುರಿಸಿ, ಮಗನಿಗೆ ಇಸ್ತ್ರಿ ಮಾಡಿದ ಅಂಗಿ ಕೊಟ್ಟರು. "ನಿಮ್ಮಪ್ಪ ನಮ್ಮನಿಗೆ ಬಂದಾಗಲೂ ಇಷ್ಟು ಕಾಳಜಿ ತಗೊಂಡಿರಲಿಲ್ಲ" ಅಂತ ನನಗೂ ಒಂದು ಮಾತು ಸಿಕ್ಕಿತು.

ಅಜ್ಜ ಬಂದರು, ಜೊತೆಗೆ ಅವರ ಹೆಂಡತಿ, ಆಜಿ. ಪೋಹೆ ತಿನ್ನುತ್ತಲೇ ಪ್ರಶ್ನೆ ಶುರು. ಮನೆ ಯಾವ ದಿಕ್ಕು? ಮಳೆಗಾಲದಲ್ಲಿ ಯಾವ ಗೋಡೆ ತೇವ ಹಿಡಿಯುತ್ತದೆ? ಕಾರ್ಡು ಇಡುವ ಕಪಾಟಿನಲ್ಲಿ ಹಪ್ಪಳ, ಸಂಡಿಗೆ ಇಡುತ್ತೀರಾ? ಫ್ಯಾನ್ ಹಾಕಿ ಕಾರ್ಡು ತೆಗೆಯುವ ಅಭ್ಯಾಸ ಇದೆಯೇ?

"ಈಕಿ ಮೇ ತಿಂಗಳಾಗೂ ಫ್ಯಾನ್ ಹಾಕಗೊಡೂದಿಲ್ರೀ" ಅಂತ ನನ್ನ ಗಂಡ ಮನಸಾರೆ ಸಾಕ್ಷಿ ಹೇಳಿದರು.

ಅಜ್ಜ ಅವರತ್ತ ತಿರುಗಿದರು. "ನಿಮಗೆ ಏನಾದರೂ ಚಟ?"

"ಇಲ್ಲ, ಇಲ್ಲ."

"ಸೀನು?"

ಧೂಳಿನ ಅಲರ್ಜಿ ಇರುವ ಮನುಷ್ಯ. ತಲೆ ತಗ್ಗಿಸಿ, "ಬಿಡ್ತೀನ್ರೀ" ಅಂದರು.

ಅಜ್ಜ ನಿಟ್ಟುಸಿರಿಟ್ಟರು. "ಮೊದಲು ಎರಡು ಸಂಬಂಧ ಬಂದಿದ್ದವು. ಒಂದು ನದಿ ದಂಡೆ, ಪೂರ್ತಿ ತೇವ. ಇನ್ನೊಂದು ಮಗರಪಟ್ಟಾದ ಸಿರಿವಂತರ ಮನೆ. ಆದರೆ ಗಾಜು ಹಾಕಿ ಹಾಲ್‌ನಲ್ಲಿ ತೂಗುಹಾಕುತ್ತಾರಂತೆ. ಬಿಸಿಲಲ್ಲಿ!" ಆಜಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಹೊರಡುವಾಗ ಚಪ್ಪಲಿ ಮೆಟ್ಟುತ್ತ, "ಮನೆಗೆ ಹೋಗಿ ತಿಳಿಸುತ್ತೇವೆ" ಅಂದರು. ಆ ಮಾತು ನಾನು ಈ ಹಿಂದೆಯೂ ಕೇಳಿದ್ದೆ. ಆಗ ನಾನು ಹೆಣ್ಣಿನ ಕಡೆ. ಈ ಸಲ ಗಂಡಿನ ಕಡೆ. ಎರಡೂ ಸಲ ಪರೀಕ್ಷೆಗೆ ಕೂತವಳು ಮಾತ್ರ ನಾನೇ.

ಬರೀ ಹಣೆ

ವಾರವಿಡೀ ಅತ್ತೆ, "ಅವರು ಫೋನ್ ಮಾಡಿದ್ರೇನು?" ಅಂತ ಕೇಳಿ ಕೇಳಿ ನನ್ನ ನಿದ್ದೆ ಕೆಡಿಸಿದರು. ಕೊನೆಗೆ ಫೋನ್ ಬಂತು. ಸಂಬಂಧ ಒಪ್ಪಿಗೆ.

ಮೂವರೂ ಸದಾಶಿವ ಪೇಠಕ್ಕೆ ಹೋದೆವು. ಅಜ್ಜ ಕೈತೊಳೆದು ಒರೆಸಿಕೊಂಡು, ಚಿಮಟಾದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟರು. ಡ್ರ್ಯಾಗನ್ನು, ಪಕ್ಕದಲ್ಲಿ ಹಾಂಗ್‌ಕಾಂಗಿನ ಚೀಟಿ, ಮೇಲೆ ಪೀಕಿಂಗು, ಕೆಳಗೆ ಪುಣೆ.  ಯಾವನೋ ಬ್ರಿಟಿಷ್ ಅಧಿಕಾರಿ ಅಷ್ಟು ಸಮುದ್ರ ದಾಟಿಸಿ ಬರೆದು ಕಳಿಸಿದ್ದ ವಿಷಯ ಇಷ್ಟೇ: ಇಲ್ಲಿ ಚಳಿ, ನಾಯಿ ಹೇಗಿದೆ?

ಅಜ್ಜ ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ ಆಜಿ ಒಳಗಿನಿಂದ ತಾಟು ತಂದರು. ಅದರಲ್ಲಿ ಅಕ್ಕಿ, ತೆಂಗಿನಕಾಯಿ, ರವಿಕೆ ಕಣ. ಮನೆಮಗಳನ್ನು ಕಳಿಸುವಾಗ ತುಂಬುವ ಉಡಿ. ಪಾಪ, ಪ್ರೀತಿ ಅಂದುಕೊಂಡೆ. ಅಂದುಕೊಳ್ಳುತ್ತಿರುವಾಗಲೇ ಆಜಿಯ ಉಂಗುರ ಬೆರಳು ಕುಂಕುಮದ ಬಟ್ಟಲಿಗೆ ಹೋಯಿತು, ಅಲ್ಲಿಂದ ಹೊರಬಂತು, ಕಾರ್ಡಿನ ಮೂಲೆಯ ಮೇಲೆ ಒತ್ತಿತು.

ಇಷ್ಟೂ ವರ್ಷ ಒಂದು ಬೆರಳೂ ತಾಗದ ಕಾರ್ಡು ಅದು. ನನ್ನ ಬಾಯಿಂದ ಬಂದ ಶಬ್ದ ಯಾವ ಭಾಷೆಯದೂ ಅಲ್ಲ. ಅಜ್ಜ ಕನ್ನಡಕ ಹಾಕಿಕೊಂಡು ನೋಡಿದರು, ಕೂತುಬಿಟ್ಟರು.

ರಿಕ್ಷಾದಲ್ಲಿ ನಾನು ಅಳುಮುಖ ಮಾಡಿ ಕೂತಿದ್ದೆ. ಅತ್ತೆ ನನ್ನ ತೊಡೆ ತಟ್ಟಿ ಸಮಾಧಾನ ಹೇಳಿದರು: "ಅದಕ್ಯಾಕ ಅಳ್ತೀ? ಹೆಣ್ಣುಮಗಳನ್ನ ಯಾರರ ಬರೀ ಹಣೀಲೆ ಕಳಸ್ತಾರೇನು?"

ಕೆಂಪು ಮುದ್ರೆ

ಪ್ರದರ್ಶನದ ನಿಯಮ ಸ್ಪಷ್ಟ. ಟಪಾಲಿನಲ್ಲಿ ಬಂದ ವಸ್ತುವಿನ ಮೇಲೆ ಆಮೇಲೆ ಯಾರಾದರೂ ಏನಾದರೂ ಗುರುತು ಮಾಡಿದ್ದರೆ ಇಡೀ ಫ್ರೇಮು ಹೊರಗೆ. ಕುಂಕುಮ ಒರೆಸಲು ಹೋದರೆ ಕಾರ್ಡೇ ಹಾಳು. ಆ ಕಾರ್ಡು ಬಿಟ್ಟರೆ ಟಪಾಲು ಮತ್ತೆ ಮುಂಬಯಿಯಲ್ಲೇ. ಆದದ್ದಾಗಲಿ ಅಂತ ಮುಂದಿನ ಪ್ರದರ್ಶನಕ್ಕೆ ಫ್ರೇಮು ಒಯ್ದೆ. ಕಾರ್ಡಿನ ಕೆಳಗಿನ ವಿವರಣೆಯಲ್ಲಿ ನೇರವಾಗಿ ಬರೆದೆ: 'ಮೂಲೆಯ ಕೆಂಪು ಗುರುತು ಕುಂಕುಮ, ಸದಾಶಿವ ಪೇಠದ್ದು, ಇತ್ತೀಚಿನದು.'

ತೀರ್ಪುಗಾರರು ಬಂದರು. ಎಲ್ಲ ಕಾರ್ಡು ದಾಟಿ ಕೊನೆಯದರ ಮುಂದೆ ನಿಂತರು. ವಿವರಣೆ ಓದುವುದು ಅವರ ಘನತೆಗೆ ಕಡಿಮೆ. ಭೂತಗನ್ನಡಿ ಹಿಡಿದವರು ಬಗ್ಗಿದರು, ಬಗ್ಗಿದವರು ಎದ್ದೇಳಲಿಲ್ಲ. ಇನ್ನೊಬ್ಬರನ್ನು ಕರೆದರು. ಅವರು ಮತ್ತೊಬ್ಬರನ್ನು.

"ಕೆಂಪು ಮಸಿ."

"ಚೀನಾದ ಅಧಿಕಾರಿಗಳು ಕೆಂಪನ್ನೇ ಬಳಸುತ್ತಿದ್ದದ್ದು."

"ಅಕ್ಷರ ಇಲ್ಲ. ಮೊಟ್ಟೆಯಾಕಾರ. ಇಂಥದ್ದು ಯಾವ ಪಟ್ಟಿಯಲ್ಲೂ ಇಲ್ಲ."

"ಉತ್ತರದಲ್ಲಿ ಚಳಿಗೆ ಹೊಳೆ ಹೆಪ್ಪುಗಟ್ಟಿದಾಗ ಟಪಾಲನ್ನು ಜನ ನಡೆದುಕೊಂಡು ಒಯ್ಯುತ್ತಿದ್ದರಲ್ಲ, ಅವರ ಠಾಣೆಯ ಮುದ್ರೆ ಇದು! ಕಾರ್ಡಿನಲ್ಲೇ ಚಳಿ ಅಂತ ಬರೆದಿದೆ, ನೋಡಿ!"

ನಾನು ಮುಂದೆ ಹೋದೆ. "ಸರ್, ಅದು ಕುಂಕುಮ."

ಮುಖ್ಯ ತೀರ್ಪುಗಾರರು ನನ್ನ ಕೈ ಕುಲುಕಿದರು. "ನಿಮ್ಮ ವಿನಯ ದೊಡ್ಡದು, ಮೇಡಂ."

"ವಿನಯ ಅಲ್ಲ ಸರ್, ಕುಂಕುಮ!"

ಪುಣ್ಯಕ್ಕೆ ಆಜಿ ಅಲ್ಲೇ ಇದ್ದರು. ಮಗಳ ಮನೆಯ ಸಮಾರಂಭ ಅಂತ ಜರತಾರಿ ಸೀರೆ ಉಟ್ಟು ಬಂದಿದ್ದರು. ಕೈಹಿಡಿದು ಕರೆತಂದೆ. "ಅಹೋ, ನಾನೇ ಹಚ್ಚಿದ್ದು" ಅಂದರು ಆಜಿ.

ತೀರ್ಪುಗಾರರು ಬಗ್ಗಿ ನಮಸ್ಕಾರ ಮಾಡಿದರು. "ನೀವು ಹಚ್ಚಿದ್ದು ಮೇಲೆ ಇರಬಹುದು, ಆಜಿ. ನಾವು ಮಾತಾಡುತ್ತಿರುವುದು ಅದರ ಕೆಳಗಿನ ಮುದ್ರೆಯ ಬಗ್ಗೆ."

ಆಜಿಗೆ ಸಿಟ್ಟು ಬಂತು. ಉಂಗುರ ಬೆರಳನ್ನು ತಮ್ಮ ಹಣೆಯ ಕುಂಕುಮಕ್ಕೆ ತಾಗಿಸಿ, ತೀರ್ಪುಗಾರರ ಕೈಯಲ್ಲಿದ್ದ ಬಿಳಿ ಹಾಳೆಯ ಮೇಲೆ ಒತ್ತಿಬಿಟ್ಟರು. ಅದೇ ಬಣ್ಣ, ಅದೇ ಆಕಾರ, ಅದೇ ಗೆರೆ.  ನಾನು ಕಣ್ಣು ಮುಚ್ಚಿದೆ. ಫ್ರೇಮು ಹೋಯಿತು, ಆದರೆ ಸತ್ಯವಾದರೂ ಉಳಿಯಿತು ಅಂದುಕೊಂಡೆ.

ಮುಖ್ಯ ತೀರ್ಪುಗಾರರು ಆ ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. "ನೋಡಿದಿರಾ? ನಕಲಿ ಮಾಡುವುದು ಎಷ್ಟು ಸುಲಭ! ಅದಕ್ಕೇ ಅಸಲಿಯನ್ನು ಗುರುತಿಸುವ ಕಣ್ಣು ಬೇಕು."

ನನ್ನ ಫ್ರೇಮು ನಿಂತಿತು. ನಿಂತದ್ದಷ್ಟೇ ಅಲ್ಲ, ಅದಕ್ಕೆ ಹೂವಿನ ಹಾರ ಬಿತ್ತು, ಪದಕ ಬಂತು. ಆಜಿ ಆ ಪದಕವನ್ನು ಮುಟ್ಟಲು ಕೈ ಚಾಚಿದಾಗ ನಾನೂ ಅಜ್ಜನೂ ಒಟ್ಟಿಗೆ "ಬೇಡ!" ಅಂದೆವು. ಪದಕ ತಪ್ಪಿ ಬಂದಿದೆ ಅಂತ ನಾನು ಸಮಿತಿಗೆ ಬರೆದು ಕಳಿಸಿದ ಪತ್ರಗಳಿಗೆಲ್ಲ ನನ್ನ ವಿನಯವನ್ನು ಹೊಗಳಿ ಉತ್ತರ ಬಂದಿದೆ. ಚೀನಾದ ಟಪಾಲಿನ ನಕಾಶೆಯಲ್ಲಿ ನಮ್ಮ ಆಜಿಯ ಉಂಗುರ ಬೆರಳಿನ ಗುರುತನ್ನೇ ನಂಬಿ ಒಂದು ಕಾಲುದಾರಿ ಎಳೆಯಲಾಗಿದೆ. ಹಿಮದ ಮೇಲೆ.

ನಾನು ಹೇಳಿದರೆ ಯಾರೂ ನಂಬುತ್ತಿಲ್ಲ. ಓದಿದ ನೀವಾದರೂ ದಯವಿಟ್ಟು ಹೇಳಿ. ಅಂಚೆಚೀಟಿ ಕೂಡಿಸುವವರಿಗೆ, ಕೂಡಿಸುವವರ ಹೆಂಡಂದಿರಿಗೆ, ಸಿಕ್ಕಸಿಕ್ಕವರಿಗೆ. ಅದು ಕುಂಕುಮ. ಸ್ವಲ್ಪ ಬೇಗ ಹೇಳಿ. ನಾಗಪುರದ ಒಬ್ಬರ ಸಂಗ್ರಹದಲ್ಲಿ ದಸರಾ ಪೂಜೆ ಮುಗಿದ ವಾರವೇ ಅದೇ ಮುದ್ರೆಯ ಇನ್ನೊಂದು ಕಾರ್ಡು ಪತ್ತೆಯಾಗಿದೆ. ಅದರ ಮೇಲೆ ಕೆಂಪಿನ ಪಕ್ಕದಲ್ಲಿ ಹಳದಿ ಮುದ್ರೆಯೂ ಇದೆಯಂತೆ. ಹಳದಿ ಅಂದರೆ ಖುದ್ದು ಚಕ್ರವರ್ತಿಯ ಅರಮನೆಯದೇ ಅಂತ ಸಮಿತಿಯವರು ಆಗಲೇ ಬರೆಯಲು ಕೂತಿದ್ದಾರೆ.